ಕಾರಿಗೆ ಕ್ಯಾನ್ ನೀರು, ನಮಗೆ ಬೋರ್ ನೀರು

ಕಲಬುರಗಿಯಲ್ಲಿ ಈಗ ಪ್ರತಿ ಭಾನುವಾರ ಹಿಮ ಬೀಳುತ್ತಿದೆ. ಏಪ್ರಿಲ್ ತಿಂಗಳು. ಬೆಳಗ್ಗೆ ಒಂಬತ್ತಕ್ಕೇ ಅಂಗಳದ ಶಹಾಬಾದ್ ಪರ್ಸಿ ಕಾಲು ಸುಡುತ್ತದೆ, ಮಧ್ಯಾಹ್ನ 40 ಡಿಗ್ರಿ ದಾಟುವುದು ಗ್ಯಾರಂಟಿ. ಆದರೂ ಓಣಿಯ ಕಾರುಗಳೆಲ್ಲ ಮೈತುಂಬ ಬೆಳ್ಳಗೆ ಹೊದ್ದು ನಿಂತಿರುತ್ತವೆ. ಕಾರು ತೊಳೆಯುವ ಶಾಂಪೂ ಬಾಟಲಿ ಮೇಲೂ ಸ್ನೋ ಫೋಮ್, ಅಂದರೆ ಹಿಮದ ನೊರೆ ಅಂತಲೇ ಬರೆದಿದೆ. ಸುಳ್ಳು ಅನ್ನೋಕೆ ಬರಲ್ಲ.

ಇದಕ್ಕೆಲ್ಲ ಕಾರಣ ಒಂದು ಪ್ಲಾಸ್ಟಿಕ್ ಡಬ್ಬಿ. ತೊಗರಿಗೆ ಔಷಧಿ ಹೊಡೆಯುವ ಪಂಪಿನ ಮರಿ ಅಂದುಕೊಳ್ಳಿ. ನೀರು, ಶಾಂಪೂ ಸೇರಿ ಎರಡು ಲೀಟರ್ ಹಿಡಿಯುತ್ತದೆ. ಮೇಲಿನ ಹಿಡಿ ಒತ್ತಿ ಒತ್ತಿ ಗಾಳಿ ತುಂಬಬೇಕು, ಆಮೇಲೆ ಗುಂಡಿ ಅದುಮಿದರೆ ನೊರೆ. ಹೊಲದಲ್ಲಿ ಪಂಪು ಹೊತ್ತು ಬೆನ್ನು ಹಣ್ಣಾದ ರೈತ ಮಗನನ್ನು ಓದಿಸಿ ನೌಕರಿಗೆ ಹಚ್ಚಿದ. ಮಗ ಈಗ ಸಿಟಿಯಲ್ಲಿ ಪಂಪು ಹಿಡಿದು ಕಾರಿಗೆ ಹೊಡೆಯುತ್ತಿದ್ದಾನೆ. ಎದುರಿಗೆ ಮೊಬೈಲ್ ಹಿಡಿದು ನಿಂತ ಮೊಮ್ಮಗ, ನೊರೆ ಗಾಜಿನ ಮೇಲಿಂದ ಮೆಲ್ಲಗೆ ಜಾರುವುದನ್ನು ಸ್ಲೋ ಮೋಷನ್‌ನಲ್ಲಿ ತೆಗೆಯುತ್ತಿದ್ದಾನೆ.

ನೊರೆಯದೇನೂ ತಪ್ಪಿಲ್ಲ ಬಿಡಿ. ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಮರಳಿನ ಕಣ ಪೇಂಟನ್ನು ಗೀರುತ್ತದೆ, ಅದು ಖರೇ. ನೊರೆ ಆ ಮಣ್ಣನ್ನು ನೆನೆಸಿ ಸಡಿಲ ಮಾಡುತ್ತದೆ. ನಾಲ್ಕೈದು ನಿಮಿಷ ಬಿಟ್ಟು ನೀರು ಹಾಕಬೇಕು. ಷರತ್ತು ಎರಡೇ: ಕಾರು ನೆರಳಲ್ಲಿರಬೇಕು, ನೊರೆ ಒಣಗಬಾರದು. ಈ ಷರತ್ತು ಬರೆದ ಪುಣ್ಯಾತ್ಮರು ಕಲಬುರಗಿ ನೋಡಿದವರಲ್ಲ. ಇಲ್ಲಿ ನೊರೆ ಡಿಕ್ಕಿ ಮುಟ್ಟುವಷ್ಟರಲ್ಲಿ ಬಾನೆಟ್ ಮೇಲಿನದು ಒಣಗಿ ಕಲೆಯಾಗಿರುತ್ತದೆ. ನೆರಳು ಬೇಕು ಅಂತ ಬೇವಿನ ಮರದ ಕೆಳಗೆ ನಿಲ್ಲಿಸಿದರೆ ಹಸಿ ಕಾರಿನ ತುಂಬ ಬೇವಿನ ಹೂವು. ಮೇಲೆ ಕಾಗೆ ಬೇರೆ ಕಾದು ಕೂತಿರುತ್ತದೆ.

ನಮ್ಮ ಹಿಂದಿನ ಓಣಿಯಲ್ಲಿ ರಿಟೈರ್ ಆದ ಸಾಹೇಬರೊಬ್ಬರಿದ್ದಾರೆ. ಈ ವಿಷಯವನ್ನು ಭಾಳ ಓದಿಕೊಂಡವರು. ಬೋರ್ ನೀರು ಗಡಸು, ನೊರೆ ಸರಿಯಾಗಿ ಬರಲ್ಲ, ಒಣಗಿದರೆ ಬಿಳಿ ಚುಕ್ಕೆ ಉಳಿಯುತ್ತದೆ ಅನ್ನುತ್ತಾರೆ. ಮಾತು ನಿಜವೇ. ಅದಕ್ಕೆ ಅವರು ಕಂಡುಕೊಂಡ ದಾರಿ ಕುಡಿಯುವ ನೀರಿನ ಕ್ಯಾನು. 20 ಲೀಟರಿನದು. ನೊರೆ ಮಾಡೋಕೆ ಅದೇ, ಕೊನೆಗೆ ತೊಳೆಯೋಕೂ ಅದೇ. ಮನೆ ಮಂದಿಯ ಸ್ನಾನ ಮಾತ್ರ ಬೋರ್ ನೀರಿನಲ್ಲಿ. ಕೂದಲು ಉದುರುತ್ತಿದೆ ಅಂತ ಮಗಳು ವರ್ಷದಿಂದ ಗೋಳಾಡುತ್ತಿದ್ದಾಳೆ. ಕೂದಲು ಮತ್ತೆ ಬರುತ್ತದೆ, ಕಂಪನಿ ಪೇಂಟ್ ಬರುತ್ತದೆಯೇ?

2024ರ ಮಾರ್ಚಿನಲ್ಲಿ ಬೆಂಗಳೂರಿನಲ್ಲಿ ನೀರಿಗೆ ತತ್ವಾರ ಬಂತಲ್ಲ, ಆಗ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಅಲ್ಲಿನ ಜಲಮಂಡಳಿ ಹೇಳಿತ್ತು. ಅದನ್ನು ನೆನಪಿಸಿದರೆ ಸಾಹೇಬರು ನಕ್ಕುಬಿಟ್ಟರು. "ಅದು ನಳದ ನೀರಿಗ್ರೀ. ನಂದು ರೊಕ್ಕಾ ಕೊಟ್ಟು ತಂದ ನೀರದ."

ನೊರೆ ಆಯಿತು, ಕ್ಯಾನ್ ನೀರೂ ಆಯಿತು. ಕಾರು ಬಿಸಿಲಿಗೆ ಮಿಂಚಬೇಕಿತ್ತು. ಬಾಗಿಲ ಮೇಲೆ ಬೆರಳು ಎಳೆದರೆ ಗೆರೆ ಮೂಡಿತು, ಬೆರಳ ತುದಿಗೆ ತೆಳ್ಳನೆ ಮಣ್ಣು. ನೊರೆ ಸಡಿಲ ಮಾಡುತ್ತದೆಯೇ ಹೊರತು ಉಜ್ಜುವುದಿಲ್ಲ ನೋಡಿ. ಸಾಹೇಬರು ಮೈಕ್ರೋಫೈಬರ್ ಬಟ್ಟೆ ತೆಗೆದರು. ಹೊಸ್ತಿಲಲ್ಲಿ ನಿಂತ ಸಾಹೇಬರ ಮನೆಯ ಅಕ್ಕಾವ್ರಿಗೆ ತಡೆಯಲಾಗಲಿಲ್ಲ.

"ಇಷ್ಟೆಲ್ಲಾ ಆದಮ್ಯಾಲೂ ಅರಿವಿಲೇ ಒರಸಬೇಕೇನ್ರೀ?"

"ವಿಡಿಯೋದಾಗ ಹಂಗೇ ತೋರ್ಸ್ಯಾರ."

ಇನ್ನು ಧೂಳು ಎಲ್ಲಿಂದ ಬಂತು ಅಂತೀರಾ? ನಗರಕ್ಕೆ 24 ಗಂಟೆಯೂ ನೀರು ಕೊಡುವ ಯೋಜನೆ ಇದೆಯಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ ಜೊತೆಗೆ ನಮ್ಮಲ್ಲೂ ಕೆಲವು ವಾರ್ಡುಗಳಲ್ಲಿ ಪ್ರಯೋಗ ನಡೆದು ಹದಿನೈದು ವರ್ಷ ಕಳೆದಿವೆ. ಉಳಿದ ಓಣಿಗಳಿಗೂ ನೀರು ಬರಲಿ ಅಂತ ಪೈಪು ಹೂಳುತ್ತಾರೆ. ಪೈಪು ಹೂಳಲು ರಸ್ತೆ ಅಗೆಯುತ್ತಾರೆ. ಅಗೆದ ಮಣ್ಣು ಗಾಳಿಗೆ ಎದ್ದು ಕಾರಿನ ಮೇಲೆ ಕೂರುತ್ತದೆ. ಅದನ್ನು ತೊಳೆಯಲು ನೀರು ಬೇಕು. ನೀರು ಬೇಕೆಂದರೆ ಪೈಪು ಹೂಳಬೇಕು. ಇದರಲ್ಲಿ ಯಾರನ್ನೂ ಬೈಯೋ ಹಾಗಿಲ್ಲ, ಎಲ್ಲರೂ ಅವರವರ ಕೆಲಸ ಮಾಡುತ್ತಿದ್ದಾರೆ. ನೊರೆ ನೀರು ಕೂಡ ಅಂಗಳ ದಾಟಿ ಅದೇ ಗುಂಡಿಗೆ ಹೋಗಿ ನಿಂತು, ತನ್ನ ಕೈಲಾದ ಮಟ್ಟಿಗೆ ಕೆಸರು ಮಾಡುತ್ತದೆ.

ಒರೆಸಿ ಮುಗಿಸಿದ ಸಾಹೇಬರು ಕಾರಿಗೆ ಕವರ್ ಹೊದಿಸತೊಡಗಿದರು.

"ಎಲ್ಲಿಗೂ ಹೊಂಟಿಲ್ಲೇನ್ರೀ ಸಾಹೇಬ್ರ?" ಅಂದೆ.

"ಈ ಧೂಳಾಗ ಕಾರ್ ಹೊರಗ ತೆಗೀತಾರೇನ್ರೀ?" ಅಂತ ನನ್ನನ್ನೇ ಕೇಳಿದರು. ಖಾಲಿ ಕ್ಯಾನನ್ನು ಸ್ಕೂಟಿಯ ಮುಂದೆ ಕಾಲ ಬಳಿ ಇಟ್ಟುಕೊಂಡು ನೀರು ತರಲು ಹೊರಟರು.