ಹಾಲಿಲ್ಲದ ಚಾ ಮತ್ತು ಮಾವನೋರ ಹಾರ

ಹೋಟ್ಲಲ್ಲಿ "ಶುಗರ್‌ಲೆಸ್ ಟೀ ಕೊಡಿ" ಅಂದ್ರೆ ಯಾರೂ ತಲೆ ಎತ್ತಿ ನೋಡಲ್ಲ. "ಹಾಲು ಹಾಕ್ಬೇಡಿ" ಅನ್ನಿ ನೋಡೋಣ, ಕ್ಯಾಶ್ ಕೌಂಟರಿನವನಿಂದ ಹಿಡಿದು ಪಕ್ಕದ ಟೇಬಲ್ಲಿನಲ್ಲಿ ವಡೆ ಅದ್ಕೊಂಡು ತಿಂತಿರೋರ ತನಕ ಎಲ್ಲರಿಗೂ ನಮ್ಮ ಆರೋಗ್ಯದ ಚಿಂತೆ. ಮೊನ್ನೆ ಒಂದು ದರ್ಶಿನಿಯಲ್ಲಿ ಹುಡುಗ "ಯಾಕ್ ಮೇಡಂ, ಹುಷಾರಿಲ್ವಾ?" ಅಂತ ಕೇಳಿ, ಒಂದು ಲೋಟ ಬಿಸಿನೀರಲ್ಲಿ ಟೀ ಬ್ಯಾಗ್ ಇಳಿಬಿಟ್ಟು ಕೊಟ್ಟ. ಅದಕ್ಕೆ ಹಾಲಿನ ಟೀಗಿಂತ ಹತ್ತು ರೂಪಾಯಿ ಜಾಸ್ತಿ. ಹಾಲು ತೆಗೆದ್ರೆ ರೇಟು ಏರೋದು ಯಾವೂರ ಲೆಕ್ಕ ಅಂತ ಕೇಳ್ದೆ, "ಸ್ಪೆಷಲ್ ಐಟಂ ಮೇಡಂ" ಅಂದ.

ನನಗೆ ಹಾಲು ಆಗಲ್ಲ, ಅಷ್ಟೇ. ಕುಡಿದ ಒಂದು ಗಂಟೆಗೆ ಹೊಟ್ಟೆಯಲ್ಲಿ ಗುಡುಗು. ಆದ್ರೆ ಮೊಸರನ್ನ ತಿಂತೀನಿ, ಮಜ್ಜಿಗೆ ಕುಡೀತೀನಿ, ಏನೂ ಆಗಲ್ಲ, ಯಾಕಂದ್ರೆ ಹಾಲು ಹೆಪ್ಪಾಗುವಾಗ ಅದರಲ್ಲಿರೋ ಲ್ಯಾಕ್ಟೋಸನ್ನ ಬ್ಯಾಕ್ಟೀರಿಯಾಗಳು ಒಂದಷ್ಟು ತಿಂದು ಮುಗಿಸಿರುತ್ತವೆ. ಇದನ್ನ ನೆಂಟರಿಷ್ಟರಿಗೆ ಅರ್ಥ ಮಾಡಿಸೋಕೆ ಹೋಗಿ ಸಾಕಾಗಿದೆ. "ಮೊಸರು ಆಗುತ್ತಂತೆ, ಹಾಲು ಆಗಲ್ವಂತೆ" ಅಂತ ಒಬ್ಬರ ಮುಖ ಒಬ್ಬರು ನೋಡ್ತಾರೆ, ನಾನೇನೋ ಬೇಕೂಂತ ನಾಟಕ ಮಾಡ್ತಿರೋ ಥರ.

ಹಾಗಾಗಿ ಚಾ ಮನೆಯಲ್ಲೇ. ಹಾಲು ಹಾಕಲ್ಲ ಅಂತ ಮಸಾಲೆನೂ ಬಿಡ್ಬೇಕಾ? ಚಕ್ಕೆ, ಲವಂಗ, ನಾಲ್ಕು ಮೆಣಸು, ಜಜ್ಜಿದ ಶುಂಠಿ, ಏಲಕ್ಕಿ, ಇವನ್ನ ನೀರಲ್ಲಿ ಚೆನ್ನಾಗಿ ಕುದಿಸಿ, ಒಲೆ ಆರಿಸಿ, ಆಮೇಲೆ ಟೀ ಸೊಪ್ಪು ಹಾಕಿ ಮುಚ್ಚಿಡಬೇಕು. ಆಮೇಲೆ ಅಂದ್ರೆ ಆಮೇಲೇನೇ. ಹಾಲಿನ ಟೀ ಮಾಡೋ ರೂಢಿಯಲ್ಲಿ ಸೊಪ್ಪನ್ನೂ ಮಸಾಲೆ ಜೊತೆಗೇ ಕುದಿಸಿದ್ರೆ ನಾಲಿಗೆ ದಪ್ಪ ಆಗೋಷ್ಟು ಒಗರು. ಹಾಲಿದ್ರೆ ಅದರ ಪ್ರೋಟೀನು ಆ ಒಗರನ್ನ ಹಿಡ್ಕೊಂಡುಬಿಡುತ್ತೆ, ಇಲ್ಲದಿದ್ರೆ ಅಷ್ಟೂ ನಮ್ಮ ಪಾಲಿಗೇ. ಅಂಗಡಿಯಲ್ಲಿ ಸಿಗೋ ಕಾಳು ಕಾಳು ಸಿಟಿಸಿ ಪುಡಿ, 1930ರ ಸುಮಾರಿಗೆ ಅಸ್ಸಾಮಿನ ತೋಟಗಳಲ್ಲಿ ಶುರುವಾಗಿದ್ದು, ಅದು ಬೇಗ ಬಣ್ಣ ಬಿಡುತ್ತೆ, ಕಡಕ್ ಇರುತ್ತೆ, ಹಾಲಿಗೆ ಹೇಳಿ ಮಾಡಿಸಿದ ಜೋಡಿ. ಬರೀ ನೀರಿಗಾದ್ರೆ ನೀಲಗಿರಿಯ ಎಲೆ ಟೀನೇ ಒಳ್ಳೇದು.

ಇಷ್ಟೆಲ್ಲ ಗೊತ್ತಿದ್ದೂ ನಮ್ಮನೆಯಲ್ಲಿ ಒಂದು ದಿನ ಏಲಕ್ಕಿ ಇರ್ಲಿಲ್ಲ. ಖಾಲಿ ಆದ ಡಬ್ಬ ಮಾತ್ರ ಭದ್ರವಾಗಿ ಮುಚ್ಚಳ ಹಾಕ್ಕೊಂಡು ಶೆಲ್ಫಲ್ಲಿ ಕೂತಿತ್ತು, ಯಾರು ಖಾಲಿ ಮಾಡಿದ್ದು ಅಂತ ಕೇಳಿದ್ರೆ ಈ ಮನೆಯಲ್ಲಿ ಯಾರೂ ಯಾವತ್ತೂ ಏನೂ ಖಾಲಿ ಮಾಡಿಲ್ಲ. ಆಗ ನನ್ನ ಕಣ್ಣು ಹಾಲ್‌ನಲ್ಲಿ ಶೋಕೇಸಿನ ಮೇಲೆ ನೇತಾಡ್ತಿದ್ದ ಮಾವನೋರ ಹಾರದ ಮೇಲೆ ಬಿತ್ತು.

ಮಾವನೋರು ಹಾವೇರಿ ಕಡೆಯವರು, ಹೈಸ್ಕೂಲ್ ಮೇಷ್ಟ್ರು. ರಿಟೈರ್ ಆದಾಗ ಊರವರು ಸನ್ಮಾನ ಮಾಡಿ ಏಲಕ್ಕಿ ಹಾರ ಹಾಕಿದ್ರು. ಹಾವೇರಿ ಅಂದ್ಮೇಲೆ ಏಲಕ್ಕಿ ಹಾರಾನೇ. ಅಲ್ಲಿನ ಪಟವೇಗಾರ ಮನೆತನದವರು ತಲೆಮಾರುಗಳಿಂದ ಮಾಡ್ಕೊಂಡು ಬಂದಿರೋ ಕಸುಬು, ಒಂದೊಂದೇ ಏಲಕ್ಕಿ ಪೋಣಿಸಿ, ನಡುನಡುವೆ ಜರಿ, ಮಣಿ, ಬಣ್ಣದ ಕುಚ್ಚು ಕಟ್ಟಿ ಮಾಡಿದ್ದು. 2023ರ ಜನವರಿಯಲ್ಲಿ ಅಲ್ಲೇ ಸಾಹಿತ್ಯ ಸಮ್ಮೇಳನ ನಡೆದಾಗ ಟಿವಿಯಲ್ಲಿ ಯಾರ ಕೊರಳಲ್ಲಿ ಹಾರ ಕಂಡ್ರೂ ಮಾವನೋರು "ನಂದು ಇದಕ್ಕಿಂತ ದಪ್ಪ ಐತಿ" ಅಂತಿದ್ರು.

ತಮಾಷೆ ಅಂದ್ರೆ ಹಾವೇರಿಯಲ್ಲಿ ಏಲಕ್ಕಿ ಬೆಳೆಯೋದೇ ಇಲ್ಲ. ಹತ್ತಿ, ಮೆಣಸಿನಕಾಯಿ, ಗೋವಿನಜೋಳದ ಬಯಲು ನೆಲ ಅದು. ಏಲಕ್ಕಿ ಬೆಳೀತಿದ್ದಿದ್ದು ಮಲೆನಾಡಲ್ಲಿ, ಅಲ್ಲಿಂದ ಗಾಡಿ ಮೇಲೆ ಹಾವೇರಿಗೆ ಬರ್ತಿತ್ತು, ಯಾಕಂದ್ರೆ ಅಲ್ಲಿನ ಬಾವಿ ನೀರಲ್ಲಿ ತೊಳೆದ್ರೆ ಏಲಕ್ಕಿ ಬೆಳ್ಳಗಾಗುತ್ತೆ ಅಂತ ಹೆಸರು. ಅಂಟವಾಳಕಾಯಿ, ಸೀಗೆಕಾಯಿ ಹಾಕಿ, ನಮ್ಮಜ್ಜಿ ನಮಗೆ ತಲೆಗೆ ಎರೀತಿದ್ದ ಹಾಗೆ ಏಲಕ್ಕಿಗೆ ಅಭ್ಯಂಜನ ಮಾಡಿಸ್ತಿದ್ರಂತೆ, ಆಮೇಲೆ ಒಣಗಿಸಿ ಪೇಟೆಗೆ. ಆಗ ಬಿಳಿ ಏಲಕ್ಕಿಗೆ ಬೆಲೆ. ಈಗ ನೋಡಿ, ಹಚ್ಚ ಹಸಿರಾಗಿದ್ರೆ ಮಾತ್ರ ಜನ ತಗೊಳ್ಳೋದು, ಸ್ವಲ್ಪ ಬಿಳಿಚಿಕೊಂಡಿದ್ರೆ "ಹಳೇದು" ಅಂತ ಮೂಗು ಮುರೀತಾರೆ. ತೊಳೆಯೋಕೆ ನೀರು ಚೆನ್ನಾಗಿದ್ದಿದ್ದಕ್ಕೆ ಒಂದು ಊರಿಗೆ ಏಲಕ್ಕಿ ಕಂಪಿನ ನಾಡು ಅಂತ ಹೆಸರು ಬಂತು, ಬೆಳೆದವರಿಗೆ ಏನು ಬಂತೋ ಯಾರಿಗೂ ಗೊತ್ತಿಲ್ಲ. ಅಡುಗೆಮನೆಯಲ್ಲೂ ಇದೇ ಕಥೆ ಬಿಡಿ.

ಎಲ್ಲಿದ್ದೆ? ಹಾರ. ಹಿಂದುಗಡೆ, ಕತ್ತಿನ ಹತ್ರ ಬರೋ ಕಡೆ, ಯಾರಿಗೂ ಕಾಣದ ಜಾಗದಿಂದ ಎರಡೇ ಎರಡು ಬಿಚ್ಚೋಣ ಅಂತ ಸ್ಟೂಲ್ ಹತ್ತಿದ್ದೆ. ಪ್ಲಾಸ್ಟಿಕ್ ಕವರಿನ ಸರಬರ ಸದ್ದಿಗೆ, ಮಧ್ಯಾಹ್ನ ಬಾಗಿಲ ಬೆಲ್ಲು ಹತ್ತು ಸಲ ಹೊಡೆದ್ರೂ ಏಳದ ಅತ್ತೆ ಎದ್ದು ಬಂದ್ರು.

"ಅಲ್ಲವಾ, ಸತ್ಕಾರದ ಹಾರ ಕುದಿಸಿ ಕುಡೀತಾರೇನ?"

"ಎರಡು ಅಷ್ಟೇ ಅತ್ತೆ, ಚಾಗೆ."

"ಹಾಲಿಲ್ಲದ ಚಾಕ್ಕ ಯಾಲಕ್ಕಿ ಬ್ಯಾರೆ!"

ನನಗೆ ಉರಿದಿದ್ದು ಅಲ್ಲೇ. ಹಾರದ ವಿಷಯಕ್ಕೆ ಬೈದಿದ್ರೆ ಸರಿ ಅಂತಿದ್ದೆ. ಹಾಲಿಲ್ಲದ ಚಾಗೆ ಏಲಕ್ಕಿ ಹಾಕೋ ಯೋಗ್ಯತೆ ಇಲ್ಲ ಅನ್ನೋ ಥರ ಹೇಳಿದ್ರಲ್ಲ, ಅದು. ಹಾಲಲ್ಲಿ ಮುಳುಗಿಸಿದ್ರೆ ಏಲಕ್ಕಿ ಇದ್ಯೋ ಇಲ್ವೋ ಅಂತಾನೂ ಗೊತ್ತಾಗಲ್ಲ, ನಿಜವಾಗ್ಲೂ ಏಲಕ್ಕಿ ಮಾತಾಡೋದು ಬರೀ ನೀರಲ್ಲೇ. ಭಟ್ಕಳ, ಮಂಗ್ಳೂರು ಕಡೆ ಬಿರಿಯಾನಿ ಊಟ ಆದ್ಮೇಲೆ ಸುಲೈಮಾನಿ ಅಂತ ಹಾಲಿಲ್ಲದ ಚಾ ಕೊಡ್ತಾರಲ್ಲ, ನಿಂಬೆಹಣ್ಣು ಹಿಂಡಿದ ತಕ್ಷಣ ಕಂದು ಬಣ್ಣ ತಿಳಿಯಾಗಿ ಲೋಟದ ಆಚೆ ಬದಿ ಕಾಣೋ ಹಾಗಾಗುತ್ತೆ, ಅದನ್ನ ಕುಡಿದವರ್ಯಾರೂ ಹುಷಾರಿಲ್ಲದೋರಲ್ಲ. ಅತ್ತೆಗೆ ಇದೆಲ್ಲ ಹೇಳಿದೆ. ಮಾವನೋರು ಪೇಪರಿಂದ ತಲೆ ಎತ್ತದೆ, "ಒಂದು ಕೊಡು, ಕುಡದು ನೋಡ್ಲಿ" ಅಂದ್ರು. ತಮ್ಮ ಹಾರದಿಂದ. ಒಂದು.

ಬಿಚ್ಚಿ, ಕುಟ್ಟಾಣಿಗೆ ಹಾಕಿ ಜಜ್ಜಿದೆ. ಸಿಪ್ಪೆ ಹಪ್ಪಳದ ಥರ ಪುಡಿ ಆಯ್ತು, ಒಳಗೆ ಬೀಜ ಒಣಗಿ ಕಂದಾಗಿ ಒಂದಕ್ಕೊಂದು ಅಂಟ್ಕೊಂಡಿತ್ತು. ಮೂಸಿದ್ರೆ ಶೋಕೇಸಿನ ವಾಸನೆ. ಅಷ್ಟು ವರ್ಷ ಇಟ್ರೆ ಎಣ್ಣೆ ಎಲ್ಲ ಹಾರಿಹೋಗಿರುತ್ತೆ, ಸಹಜ. ಆದ್ರೂ ಹಾಕಿದೆ, ಒಂದು ಚೂರು ಜರಿ ಎಳೆನೂ ಹೋಗಿತ್ತು ಅನ್ಸುತ್ತೆ, ಸೋಸುವಾಗ ಜಾಲರಿಯಲ್ಲಿ ಮಿನುಗ್ತಿತ್ತು. ಮಾವನೋರು ಬೆಲ್ಲದ ಜೊತೆ ಒಂದು ಗುಟುಕು ಕುಡಿದು, "ಭಾರೀ ಘಮ ಐತಿ" ಅಂದ್ರು. ಅದು ಶುಂಠಿ ಘಮ. ನಾನು ಬಾಯಿ ಬಿಡ್ಲಿಲ್ಲ.

ಹಾಲಿನ ಬದಲಿಗೆ ಬೇರೆ ಹಾಲುಗಳು ಇವೆಯಲ್ಲ ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ಸೋಯಾ ಹಾಲು ಕುದಿಯೋ ಟೀಗೆ ಬಿದ್ದ ಕೂಡ್ಲೇ ಒಡೆದು ಚೂರು ಚೂರಾಗುತ್ತೆ, ನಿಧಾನವಾಗಿ ಬಿಸಿ ಮಾಡ್ಕೊಂಡು ಹಾಕ್ಬೇಕಂತೆ, ಅಷ್ಟು ಉಪಚಾರ ನಾನು ಮನುಷ್ಯರಿಗೇ ಮಾಡಲ್ಲ. ಓಟ್ಸ್ ಹಾಲಿನ ರೇಟಿಗೆ ಅರ್ಧ ಕೆಜಿ ಎಲೆ ಟೀ ಬರುತ್ತೆ. ಗಟ್ಟಿ ಕಾಯಿಹಾಲು ಪರ್ವಾಗಿಲ್ಲ, ಒಲೆ ಆರಿಸಿದ ಮೇಲೆ ಹಾಕಿದ್ರೆ ಒಡೆಯಲ್ಲ, ರುಚಿನೂ ಇದೆ, ಆದ್ರೆ ಕುಡಿದ ಅತ್ತೆ "ಪಾಯಸಕ್ಕ ಟೀ ಪುಡಿ ಯಾಕ ಹಾಕೀಯವಾ" ಅಂದ್ರು, ಅಲ್ಲಿಗೆ ಆ ಅಧ್ಯಾಯ ಮುಗೀತು.

ಹೋದ ತಿಂಗಳು ಹಳೇ ವಿದ್ಯಾರ್ಥಿಗಳು ಗುರುವಂದನೆ ಅಂತ ಮಾವನೋರನ್ನ ಊರಿಗೆ ಕರೆಸಿದ್ರು. ವಾಪಸ್ ಬಂದಾಗ ಬ್ಯಾಗಿನಿಂದ ಮೊದಲು ಆಚೆ ಬಂದಿದ್ದು ಹೊಸ ಹಾರ. ಹೊಸ ಏಲಕ್ಕಿ, ದಪ್ಪ ದಪ್ಪ ಕಾಯಿ, ಮೂರೆಳೆ, ಹಾಲ್ ತುಂಬ ಘಮಾಡಿಸ್ತಿತ್ತು. ನಾನು ಮುಟ್ಟಿ ನೋಡೋ ಅಷ್ಟರಲ್ಲಿ ಅತ್ತೆ ಮೊಮ್ಮಗನನ್ನ ಕರೆದು, ದೊಡ್ಡದೊಂದು ಪ್ಲಾಸ್ಟಿಕ್ ಕವರೂ ನಿನ್ನ ಸ್ಟೇಪ್ಲರೂ ತಗೊಂಬಾ ಅಂತ ಕಳಿಸಿ ಆಗಿತ್ತು.