ಹೇನು ತೆಗೆಯುತ್ತಾ ಆಡಿದ ಮಾತು

ಇಬ್ಬರು ಹೆಂಗಸರು ಮನೆಯ ಮಾಡಿನ ಮೇಲೆ ಬಿಸಿಲಿಗೆ ಕೂತಿದ್ದಾರೆ. ಅವರ ಹೆಣ್ಣುಮಕ್ಕಳು ಅವರ ತಲೆಯಲ್ಲಿ ಹೇನು ಹುಡುಕುತ್ತಿದ್ದಾರೆ. ಗಿಯೆಮೆತ್ ಕೇಳುತ್ತಾಳೆ: ಜೀವಂತ ಸುಡುವಾಗ ಆ ನೋವನ್ನು ಹೇಗೆ ತಡ್ಕೋತಾರೆ? ಅಲಜಾಯಿಸ್ ಗದರುತ್ತಾಳೆ: ಅಷ್ಟೂ ಗೊತ್ತಾಗಲ್ವಾ ನಿನಗೆ, ಆ ನೋವನ್ನು ದೇವರೇ ತಗೋತಾನೆ.

ಇದು 1300ರ ಆಸುಪಾಸಿನ ಮಾತು. ಊರು ಮೊಂತಾಯು. ದಕ್ಷಿಣ ಫ್ರಾನ್ಸಿನ ಪಿರಿನೀಸ್ ಬೆಟ್ಟಗಳಲ್ಲಿ, ಸುಮಾರು 250 ಜನರಿದ್ದ ಹಳ್ಳಿ. ಕೆಲವು ದಿನಗಳಿಂದ ನನ್ನ ತಲೆಯಲ್ಲಿ ಈ ಊರೇ ತುಂಬಿಕೊಂಡಿದೆ.

ಮಧ್ಯಯುಗದ ಯುರೋಪ್ ಅಂದರೆ ನಾವು ರಾಜ, ಕೋಟೆ, ಕುದುರೆ ಸವಾರ ಅಂತ ಹೇಳಿ ಮುಗಿಸಿಬಿಡುತ್ತೇವೆ. ಇಲ್ಲವೇ ಸುಮ್ನೆ 'ಕತ್ತಲ ಯುಗ' ಎನ್ನುತ್ತೇವೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. ಮಾಡಿನ ಮೇಲೆ ಕೂತ ಆ ಹೆಂಗಸರ ಪ್ರಶ್ನೆ ಎಷ್ಟು ದೊಡ್ಡದು ನೋಡಿ. ಯಾವ ಮಠದಲ್ಲೂ ಓದಿದವರಲ್ಲ ಅವರು.

ಆದರೆ ಈ ಮಾತು ನಮ್ಮವರೆಗೆ ಬಂದ ದಾರಿ ನೆನೆದರೆ ಸಂಕಟವಾಗುತ್ತದೆ. ಆ ಸೀಮೆಯಲ್ಲಿ ಕ್ಯಾಥರ್ ಪಂಥದವರಿದ್ದರು. ಕಣ್ಣಿಗೆ ಕಾಣುವ ಈ ಲೋಕ ಒಳ್ಳೆಯ ದೇವರು ಮಾಡಿದ್ದಲ್ಲ ಎಂದು ನಂಬಿದವರು. ಚರ್ಚಿಗೆ ಅವರು ಧರ್ಮದ್ರೋಹಿಗಳು. ಜೀವಂತ ಸುಡುತ್ತಿದ್ದದ್ದು ಇಂಥವರನ್ನೇ. ಪಾಮಿಯೆ ಪಟ್ಟಣದ ಬಿಷಪ್ ಜಾಕ್ ಫೂರ್ನಿಯೆ 1318ರಿಂದ 1325ರವರೆಗೆ ಕೂತು ಒಬ್ಬೊಬ್ಬರನ್ನೇ ವಿಚಾರಣೆ ಮಾಡಿದ. ಜನ ಹೇಳಿದ್ದೆಲ್ಲ ಲ್ಯಾಟಿನ್‌ನಲ್ಲಿ ಬರೆದಿಡಲಾಯಿತು. ಆ ದಾಖಲೆ ವ್ಯಾಟಿಕನ್ ಗ್ರಂಥಾಲಯದಲ್ಲಿದೆ.

ಹೇನು ತೆಗೆಸಿಕೊಳ್ಳುವಾಗ ಬಾಯಿ ಬಿಗಿಹಿಡಿದು ಯಾರೂ ಕೂರುವುದಿಲ್ಲ. ಆ ಮಾತು ಊರಿನ ಇನ್ನೊಬ್ಬಳ ಕಿವಿಗೆ ಬಿತ್ತು. ಎಷ್ಟೋ ವರ್ಷಗಳ ಮೇಲೆ ಅವಳು ಅದನ್ನು ವಿಚಾರಣೆಯಲ್ಲಿ ಹೇಳಿದಳು. ಬಿಸಿಲಿನಲ್ಲಿ ಆಡಿದ ಮಾತು ಸಾಕ್ಷಿಯಾಯಿತು. ಅದಕ್ಕೇ ಇವತ್ತು ನನಗೆ ಗೊತ್ತು.

ಬೆಯಾತ್ರೀಸ್ ದ ಪ್ಲಾನಿಸೋಲ್ ಎಂಬ ವಿಧವೆಯ ಚೀಲವನ್ನೂ ಜಾಲಾಡಿದರು. ಒಳಗೆ ಒಣಗಿದ ಹೊಕ್ಕುಳ ಬಳ್ಳಿಗಳು! ಹೆಣ್ಣುಮಕ್ಕಳಿಗೆ ಹುಟ್ಟಿದ ಮೊಮ್ಮಕ್ಕಳವು. ಜೊತೆಗಿಟ್ಟುಕೊಂಡರೆ ವ್ಯಾಜ್ಯದಲ್ಲಿ ಸೋಲುವುದಿಲ್ಲ ಎಂದು ಯಾರೋ ಹೇಳಿದ್ದರಂತೆ. ನಾನು ಈ ಭಾಗವನ್ನು ಮೂರು ಸಲ ಓದಿದೆ. ಅಜ್ಜಿಯೊಬ್ಬಳು ಜೋಪಾನ ಮಾಡಿಟ್ಟ ಗಂಟು ಅದು. ಅದನ್ನೇ ಮಾಟದ ಸಾಮಾನು ಎಂಬ ಅನುಮಾನದಿಂದ ಅವಳ ಮುಂದೆ ಬಿಚ್ಚಿಟ್ಟರು. 1321ರಲ್ಲಿ ಜೈಲು. ಮರುವರ್ಷ ಬಿಡುಗಡೆ, ಆದರೆ ಧರ್ಮದ್ರೋಹದ ಗುರುತಾಗಿ ಬಟ್ಟೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಹಳದಿ ಶಿಲುಬೆ ತೊಡಬೇಕು.

ಬಡವರ ಬದುಕನ್ನು ಆ ಕಾಲದಲ್ಲಿ ಪ್ರೀತಿಯಿಂದ ಕೂತು ಬರೆದವರು ಕಡಿಮೆ. ಫೂರ್ನಿಯೆ ಬರೆಸಿದ್ದು ಹಿಡಿಯಲಿಕ್ಕೆ, ಶಿಕ್ಷಿಸಲಿಕ್ಕೆ. ಒಲೆಯ ಪಕ್ಕ ಯಾರು ಕೂತಿದ್ದರು, ಯಾರು ಯಾರ ಜೊತೆ ಮಲಗಿದರು, ಎಲ್ಲ ಕೆದಕಿ ಕೇಳಿದ. ಇದನ್ನು ಓದುವಾಗ ಕದ್ದು ಕೇಳಿದ ಹಾಗೆ ಅನಿಸುತ್ತದೆ. ಆದರೂ ಓದಬೇಕು ಅಂತಲೇ ನಾನು ಹೇಳುತ್ತೇನೆ. ಓದದಿದ್ದರೆ ಇವರು ಬರೀ 'ಆರೋಪಿಗಳು' ಆಗಿಯೇ ಉಳಿಯುತ್ತಾರೆ.

ಫೂರ್ನಿಯೆ 1334ರಲ್ಲಿ ಹನ್ನೆರಡನೆಯ ಬೆನೆಡಿಕ್ಟ್ ಹೆಸರಲ್ಲಿ ಪೋಪ್ ಆದ. ಆಗ ಪೋಪರು ನೆಲೆಸಿದ್ದ ಫ್ರಾನ್ಸಿನ ಆವಿನ್ಯೋನ್‌ನಲ್ಲಿ ದೊಡ್ಡ ಅರಮನೆ ಕಟ್ಟಿಸಲು ಶುರುಮಾಡಿದ. ಅದು ಈಗಲೂ ಇದೆ, ಪ್ರವಾಸಿಗರು ಹೋಗುತ್ತಾರೆ.

ಪಿಯೇರ್ ಮೋರಿ ಮೊಂತಾಯುವಿನ ಕುರುಬ, ಕ್ಯಾಥರ್ ಪಂಥದವರ ಒಡನಾಡಿ. ಬೇಸಿಗೆಯಲ್ಲಿ ಬೆಟ್ಟದ ಮೇಲೆ, ಚಳಿಗಾಲದಲ್ಲಿ ಕ್ಯಾಟಲೋನಿಯಾದ ಕಡೆಗೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ. ಸಿಕ್ಕಿಬೀಳುತ್ತೀಯ, ನಿನ್ನೂರಿನ ಬೆಟ್ಟದ ಕಡೆ ಮತ್ತೆ ಹೋಗಬೇಡ ಎಂದು ಹೇಳಿದವರಿದ್ದರು. ನಾನು ಬೆಳೆದ ರೀತಿ ಬಿಟ್ಟು ಬೇರೆ ಥರ ಬದುಕಲು ನನಗೆ ಬರುವುದಿಲ್ಲ ಎಂದನಂತೆ. 1324ರ ಆಗಸ್ಟ್‌ನಲ್ಲಿ ಅವನನ್ನು ಸೆರೆಮನೆಗೆ ಹಾಕಿದರು. ಬೆಟ್ಟದಿಂದ ಬೆಟ್ಟಕ್ಕೆ ನಡೆದಾಡಿದ ಮನುಷ್ಯ. ಆಮೇಲೆ ದಾಖಲೆಯಲ್ಲಿ ಅವನ ಸುದ್ದಿಯಿಲ್ಲ.