ಮಾರಿಸ್ ಮೈನರ್ ಟಾರ್ಷನ್ ಬಾರ್‌ಗಳನ್ನು ಅದಲುಬದಲು ಮಾಡಬೇಡಿ: ಒಂದು ಸ್ಪಷ್ಟನೆ

ಮಾರಿಸ್ ಮೈನರ್ ಕಾರಿನ ಮುಂಭಾಗದ ಸಸ್ಪೆನ್ಷನ್ ಮರುಜೋಡಿಸುವಾಗ ಹಳೆಯ ಟಾರ್ಷನ್ ಬಾರ್‌ಗಳನ್ನು (ಸ್ಪ್ರಿಂಗ್‌ನಂತೆ ಕೆಲಸ ಮಾಡುವ ಉಕ್ಕಿನ ಸರಳುಗಳನ್ನು) ಯಾವ ಬದಿಗೆ ಬೇಕಾದರೂ ಕೂರಿಸಬಹುದು ಎಂಬ ಮಾತು ಹರಿದಾಡುತ್ತಿದೆ. ಇದು ತಪ್ಪು, ಅಪಾಯಕಾರಿಯೂ ಹೌದು. ನೋಡಲು ಅವು ಅವಳಿಗಳೇ. ಆದರೆ 1948ರಿಂದ 1971ರವರೆಗೆ ತಯಾರಾದ ಈ ಕಾರಿನ ಮುಂಭಾಗದಲ್ಲಿ ಸುರುಳಿ ಸ್ಪ್ರಿಂಗ್ ಇಲ್ಲ. ಈ ಉಕ್ಕಿನ ಸರಳೇ ತಿರುಚಿಕೊಂಡು ಭಾರ ಹೊರುತ್ತದೆ. ವರ್ಷಗಟ್ಟಲೆ ಒಂದೇ ದಿಕ್ಕಿಗೆ ತಿರುಚಿ ಪಳಗಿದ ಸರಳನ್ನು ಎದುರು ಬದಿಗೆ ಹಾಕಿದರೆ ತಿರುಚು ತಿರುಗುಮುರುಗಾಗುತ್ತದೆ. ಕಾರು ಕುಸಿಯಬಹುದು, ಸರಳು ಮುರಿಯಲೂಬಹುದು. ಬಿಚ್ಚುವ ಮೊದಲೇ ಬಣ್ಣದಿಂದ ಗುರುತು ಹಾಕಿ. ಉಳಿಯಿಂದ ಗೀರಬೇಡಿ, ಆ ಗೀರೇ ಬಿರುಕಿನ ಬೀಜ. ಸ್ವಿವೆಲ್ ಪಿನ್‌ಗಳೂ (ಮುಂದಿನ ಚಕ್ರಗಳು ಎಡಬಲಕ್ಕೆ ತಿರುಗಲು ಆಧಾರವಾಗುವ ಪಿನ್‌ಗಳು) ಹಾಗೆಯೇ, ಅದಲುಬದಲು ಮಾಡುವಂತಿಲ್ಲ: ಒಂದರ ತಿರುಪು ಬಲಕ್ಕೆ, ಇನ್ನೊಂದರದು ಎಡಕ್ಕೆ. ಅವನ್ನಂತೂ ಗ್ರೀಸ್ ತುಂಬದೆ ದಯವಿಟ್ಟು ಜೋಡಿಸಲೇಬೇಡಿ.